ಆಹಾಜ ಸರಿಯಾಗೇ ಹೇಳಿದ್ನಲ್ಲ ಮಿಸ್?

ಸಂಡೇ ಸ್ಕೂಲ್ ಟೀಚರ್, ಶಿವಮೊಗ್ಗ

ಎಲ್ಲರಿಗೂ ವಂದನೆ. ಒಂದು ಪ್ರಶ್ನೆಗೆ ಭಾನುವಾರದೊಳಗೆ ಉತ್ತರ ಬೇಕು. ಕೇಳಿದವನು 12 ವರ್ಷದ ಹುಡುಗ. ಮರೆಯುವ ಆಸಾಮಿ ಅಲ್ಲ.

ನಾನು 14 ವರ್ಷದಿಂದ ನಮ್ಮ ಸಭೆಯ ಸಂಡೇ ಸ್ಕೂಲ್ ನೋಡಿಕೊಳ್ಳುತ್ತಿದ್ದೇನೆ. ದೇವಾಲಯದ ಹಿಂದೆ ಒಂದು ಕೋಣೆ, ಕಿರ್ರೆನ್ನುವ ಫ್ಯಾನು, 9 ಮಕ್ಕಳು. ಆರಾಧನೆ ಮುಗಿದ ಮೇಲೆ ಹೊರಗೆ ಬನ್ನು, ಟೀ ಕೊಡುತ್ತಾರೆ. ಬನ್ನಿನ ಬುಟ್ಟಿ ಬರುವವರೆಗೆ ಮಕ್ಕಳು ನನ್ನವರು. ಆಮೇಲೆ ಅಲ್ಲ.

ಎರಡು ವಾರದ ಹಿಂದೆ ಬೈಬಲಿನ ಮತ್ತಾಯ 4ನೇ ಅಧ್ಯಾಯ ಮಾಡಿದೆವು. ಸೈತಾನ ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಕೀರ್ತನೆಯ ವಾಕ್ಯವನ್ನೇ ಹೇಳಿ ಪುಸಲಾಯಿಸುತ್ತಾನಲ್ಲ, ಅದು. ಯೇಸುವಿನ ಉತ್ತರವನ್ನು ಬಾಯಿಪಾಠ ಕೊಟ್ಟೆ: ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು. ತಪ್ಪಿಲ್ಲದೆ ಹೇಳಿದವರಿಗೆ ಒಂದೊಂದು ಪೆನ್ಸಿಲ್. ಈ ಹುಡುಗ ಮೊದಲು ಹೇಳಿ ಪೆನ್ಸಿಲ್ ತಗೊಂಡ.

ಈ ವಾರ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಅಂತ ಯೆಶಾಯ 7 ತೆಗೆದೆ. ಇಮ್ಮಾನುವೇಲ್ ಅನ್ನುವ ಮಗು ಹುಟ್ಟುತ್ತದೆ ಅನ್ನುವ ವಾಕ್ಯ ಮಾತ್ರ ಹೇಳಿಕೊಟ್ಟಿದ್ದರೆ ಬಚಾವಾಗುತ್ತಿದ್ದೆ. ಕಥೆ ಇರಲಿ ಅಂತ ಹಿಂದಿನಿಂದ ಶುರುಮಾಡಿದೆ. ಯೆರೂಸಲೇಮ್ ರಾಜಧಾನಿಯಾದ ಯೆಹೂದದ ಅರಸ ಆಹಾಜ. ಉತ್ತರದಿಂದ ದಮಸ್ಕ ರಾಜಧಾನಿಯಾದ ಅರಾಮಿನ ರೆಚೀನ, ಇಸ್ರಾಯೇಲಿನ ಪೆಕಹ ಇಬ್ಬರೂ ಸೇರಿ ದಂಡೆತ್ತಿ ಬರುತ್ತಿದ್ದಾರೆ. ಪ್ರವಾದಿ ಯೆಶಾಯ ಬಂದು ಹೆದರಬೇಡ ಅನ್ನುತ್ತಾನೆ. ನಂಬಿಕೆ ಬರಲಿಲ್ಲವಾ, ದೇವರ ಹತ್ತಿರ ಒಂದು ಗುರುತು ಕೇಳು, ಪಾತಾಳದಷ್ಟು ಆಳದ್ದಾದರೂ ಸರಿ, ಆಕಾಶದಷ್ಟು ಎತ್ತರದ್ದಾದರೂ ಸರಿ. ಅದಕ್ಕೆ ಆಹಾಜ, ನಾನು ಕೇಳುವುದಿಲ್ಲ, ಯೆಹೋವನನ್ನು ಪರೀಕ್ಷಿಸುವುದಿಲ್ಲ ಅನ್ನುತ್ತಾನೆ. ಯೆಶಾಯನಿಗೆ ಸಿಟ್ಟು ಬರುತ್ತದೆ.

ಹುಡುಗ ಕೈ ಎತ್ತಿದ. ಕೈಯಲ್ಲಿ ಅದೇ ಪೆನ್ಸಿಲ್.

"ಮಿಸ್, ಆಹಾಜ ಸರಿಯಾಗೇ ಹೇಳಿದ್ನಲ್ಲ? ಯೇಸುಸ್ವಾಮಿ ಹೇಳಿದ್ದೂ ಅದೇ ಅಲ್ವಾ? ಅವರು ಹೇಳಿದ್ರೆ ಬಾಯಿಪಾಠ, ಇವನು ಹೇಳಿದ್ರೆ ಬೈಗುಳನಾ?"

ಅವನ ಮನಸ್ಸು ಸರಿ ಇರಲಿಲ್ಲ ಕಣೋ ಅಂದೆ. "ಮನಸ್ಸು ನಿಮಗೆ ಹೇಗೆ ಗೊತ್ತಾಯ್ತು?" ಅಂದ. ಅಷ್ಟರಲ್ಲಿ ಬನ್ನಿನ ಬುಟ್ಟಿ ಬಂತು. ಬೈಬಲ್ ಕವರಿನ ಜಿಪ್ ಎಳೆದು ಎದ್ದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬನ್ನು ಹಂಚಿಲ್ಲ.

ಮನೆಗೆ ಬಂದು ಮೂರು ಸಲ ಓದಿದೆ. ನಿಜ ಹೇಳಬೇಕಂದರೆ ಆಹಾಜನ ಮಾತು ನನಗೂ ಚೆನ್ನಾಗಿಯೇ ಕೇಳಿಸಿತು. ದೇವರು ಯುದ್ಧಕ್ಕೆ ಕರೆದಾಗ ಗಿದ್ಯೋನ ಗುರುತಿಗಾಗಿ ಒಂದು ಸಲ ಕುರಿಯ ತುಪ್ಪಟ ಮಾತ್ರ ಒದ್ದೆಯಾಗಲಿ ಅಂತ ಕೇಳಿದ, ಇನ್ನೊಂದು ಸಲ ತುಪ್ಪಟ ಒಣಗಿರಲಿ, ಸುತ್ತಲ ನೆಲ ಒದ್ದೆಯಾಗಲಿ ಅಂತ ಕೇಳಿದ. ಅವನನ್ನು ದೇವರು ಬೈಯಲಿಲ್ಲ. ಲೂಕನಲ್ಲಿ ಮುದುಕ ಜಕರೀಯ, ನಿನಗೆ ಮಗ ಹುಟ್ಟುತ್ತಾನೆ ಅಂತ ದೂತ ಹೇಳಿದಾಗ, ಇದನ್ನು ನಾನು ಹೇಗೆ ತಿಳಿಯಲಿ ಅಂತ ಕೇಳಿದ್ದಕ್ಕೆ ಮೂಕನಾದ. ಕೇಳಿದರೂ ಏಟು, ಕೇಳದಿದ್ದರೂ ಏಟು. ಮಕ್ಕಳಿಗೆ ಏನಂತ ಹೇಳಲಿ? ನಮ್ಮ ಸಭೆಯ ಬೋಧಕರು, ಅಯ್ಯನವರನ್ನು ಕೇಳಿದೆ. "ಅದು ಕಪಟ ಭಕ್ತಿ" ಅಂದರು. ಅದು ನನಗೂ ಗೊತ್ತು. ಕಪಟ ಅಂತ ಕಂಡುಹಿಡಿಯೋದು ಹೇಗೆ ಅನ್ನೋದೇ ಪ್ರಶ್ನೆ.

ಹಳೇ ಗುಮಾಸ್ತ, ಉಡುಪಿ

ಟೀಚರಮ್ಮಾ, ನಿಮ್ಮ ಹುಡುಗನಿಗೆ ನನ್ನ ಲೆಕ್ಕದಲ್ಲಿ ಇನ್ನೊಂದು ಪೆನ್ಸಿಲ್ ಕೊಡಿ.

ನಾನು ದೇವಶಾಸ್ತ್ರ ಓದಿದವನಲ್ಲ. 33 ವರ್ಷ ಒಂದು ಕಚೇರಿಯಲ್ಲಿ ಫೈಲು ನೋಡಿದವನು. ಅಲ್ಲಿ ಕಲಿತದ್ದು ಒಂದೇ. "ನಿಯಮದಲ್ಲಿ ಅವಕಾಶ ಇಲ್ಲ" ಅನ್ನುವ ಮಾತನ್ನು ನಿಯಮಕ್ಕೆ ಹೆದರುವವನೂ ಹೇಳುತ್ತಾನೆ, ಕೆಲಸ ಮಾಡಲು ಮನಸ್ಸಿಲ್ಲದವನೂ ಹೇಳುತ್ತಾನೆ. ಮಾತು ಕೇಳಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಫೈಲು ತೆಗೆಯಬೇಕು. ಆಹಾಜನ ಫೈಲು ಬೈಬಲಿನ 2 ಅರಸುಗಳು ಅನ್ನುವ ಪುಸ್ತಕದ 16ನೇ ಅಧ್ಯಾಯದಲ್ಲಿದೆ.

ಮೊದಲು ಜಾಗ ನೋಡಿ. ಯೆಶಾಯ ಅರಮನೆಗೆ ಹೋಗಲಿಲ್ಲ. ಮೇಲಣ ಕೆರೆಯ ಕಾಲುವೆಯ ಕೊನೆ, ಅಗಸರ ಹೊಲದ ದಾರಿ, ಅಲ್ಲಿಗೆ ಹೋಗು ಅಂತ ದೇವರು ವಿಳಾಸ ಕೊಟ್ಟು ಕಳಿಸಿದ್ದಾನೆ. ಜೊತೆಯಲ್ಲಿ ಮಗನನ್ನೂ ಕರೆದುಕೊಂಡು ಹೋಗು ಅಂದಿದ್ದಾನೆ. ಆ ಹುಡುಗನ ಹೆಸರಿನ ಅರ್ಥವೇ "ಉಳಿದವರು ತಿರುಗಿ ಬರುವರು" ಅಂತ. ಅರಸನಿಗೆ ಅಲ್ಲಿ ಏನು ಕೆಲಸ? ಮುತ್ತಿಗೆ ಬಿದ್ದರೆ ಊರಿಗೆ ನೀರು ಸಿಗುತ್ತಾ ಅಂತ ನೋಡಲು ಬಂದಿರಬೇಕು. ಅದರಲ್ಲಿ ತಪ್ಪಿಲ್ಲ. ಅರಸ ಮಾಡಬೇಕಾದ ಕೆಲಸವೇ. ಅವನ ಎದೆಯೂ ಜನರ ಎದೆಯೂ ಗಾಳಿಗೆ ಕಾಡಿನ ಮರ ಅಲ್ಲಾಡಿದ ಹಾಗೆ ಅಲ್ಲಾಡಿತು ಅಂತ ಬರೆದಿದೆ. ಹೆದರಿದ್ದಕ್ಕೂ ಅವನನ್ನು ಯಾರೂ ಬೈದಿಲ್ಲ. ದಂಡೆತ್ತಿ ಬರುವ ಆ ಇಬ್ಬರು ಅರಸರು ಎರಡು ಹೊಗೆಯಾಡುವ ಕೊಳ್ಳಿ, ಅಷ್ಟೇ ಅಂತ ಸಮಾಧಾನ ಹೇಳಿದ್ದಾರೆ. ಬಚ್ಚಲ ಒಲೆ ಕಂಡವರಿಗೆ ಗೊತ್ತು. ಉರಿ ಮುಗಿದ ಕೊಳ್ಳಿಯದೇ ಹೊಗೆ ಜಾಸ್ತಿ.

ಈಗ ಫೈಲು. ಆಗಿನ ದೊಡ್ಡ ರಾಜ್ಯ ಅಶ್ಶೂರದ ಅರಸ ತಿಗ್ಲತ್ ಪಿಲೆಸೆರನಿಗೆ ಆಹಾಜ ದೂತರನ್ನು ಕಳಿಸಿದ. ಏನು ಹೇಳಿ ಕಳಿಸಿದ? ನಾನು ನಿನ್ನ ಸೇವಕ, ನಿನ್ನ ಮಗ, ಬಂದು ನನ್ನನ್ನು ಬಿಡಿಸು. ಮಗ ಅನ್ನುವ ಪದದ ಮೇಲೆ ಬೆರಳಿಡಿ. ಆಹಾಜ ಹುಟ್ಟಿದ ದಾವೀದನ ಮನೆತನಕ್ಕೆ ದೇವರು ಕೊಟ್ಟ ಮಾತು ಏನು? ನಾನು ಅವನಿಗೆ ತಂದೆ, ಅವನು ನನಗೆ ಮಗ, ಅಂತ 2 ಸಮುವೇಲ 7ರಲ್ಲಿದೆ. ಆ ಪದವನ್ನೇ ತೆಗೆದು ಇವನು ಇನ್ನೊಬ್ಬನಿಗೆ ಕೊಟ್ಟ. ಅದರ ಜೊತೆ ದೇವಾಲಯದ ಬೆಳ್ಳಿ ಬಂಗಾರವನ್ನೂ ಕಟ್ಟಿ ಕಳಿಸಿದ. ಅಲ್ಲಿ ಕಾಣಿಕೆ ಅಂತ ಅನುವಾದ ಆಗಿರುವ ಹೀಬ್ರೂ ಪದಕ್ಕೆ ಬೇರೆ ಕಡೆ ಲಂಚ ಅಂತಲೇ ಅರ್ಥ. ಈ ವಿಷಯದಲ್ಲಿ ನನ್ನ ಸರ್ವಿಸಿನ ಅನುಭವ ಹೇಳುವುದು ಬೇಡ.

ಅಂದರೆ ಪರೀಕ್ಷಿಸುವುದಿಲ್ಲ ಅಂದ ಬಾಯಿ ಒಂದು ಕಡೆ, ದೇವಾಲಯದ ಪೆಟ್ಟಿಗೆ ತೆಗೆದ ಕೈ ಒಂದು ಕಡೆ. ದೂತರು ಹೋದದ್ದು ಯೆಶಾಯ ಬರುವ ಮೊದಲೋ ಆಮೇಲೋ ಅಂತ ಬೈಬಲ್ ಹೇಳುವುದಿಲ್ಲ. ಆದರೆ ಗುರುತು ಕೇಳಿ, ಆ ಗುರುತು ನಿಜವಾಗಿ ನಡೆದುಬಿಟ್ಟರೆ, ಅಶ್ಶೂರದ ಪ್ಲಾನು ಕೈಬಿಡಬೇಕಲ್ಲ? ಅವನಿಗೆ ಹೆದರಿಕೆ ಇದ್ದದ್ದು ಗುರುತು ಸಿಗದಿದ್ದರೆ ಅಂತಲ್ಲ, ಸಿಕ್ಕಿಬಿಟ್ಟರೆ ಅಂತ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅಂತಾರೆ. ಇಲ್ಲಿ ಪ್ರವಾದಿಯೇ ಬಂದು ಕೇಳಪ್ಪಾ ಅಂತಿದ್ದಾನೆ, ಭಕ್ತನೇ ಒಲ್ಲೆ ಅಂತಿದ್ದಾನೆ.

ಆಮೇಲಿನ ಪುಟ ಇನ್ನೂ ಸೊಗಸು. ಅಶ್ಶೂರದವರು ದಮಸ್ಕ ಹಿಡಿದ ಮೇಲೆ ಆಹಾಜ ಅಲ್ಲಿಗೆ ಹೋಗುತ್ತಾನೆ. ಅಲ್ಲೊಂದು ಯಜ್ಞವೇದಿ ಕಾಣುತ್ತಾನೆ. ಅದರ ನಕ್ಷೆ, ಅಳತೆ ಎಲ್ಲ ಯಾಜಕ ಊರೀಯನಿಗೆ ಕಳಿಸುತ್ತಾನೆ. ಸಾಹೇಬರು ವಾಪಸ್ ಬರುವುದರೊಳಗೆ ಊರೀಯ ಕಟ್ಟಿ ಮುಗಿಸಿರುತ್ತಾನೆ. (ಇಂಥ ಊರೀಯರನ್ನು ಬಹಳ ನೋಡಿದ್ದೇನೆ. ಒಂದೆರಡು ಸಲ ನಾನೇ ಆಗಿದ್ದೇನೆ.) ಹಳೆಯ ತಾಮ್ರದ ವೇದಿಯನ್ನು ಎಸೆದರಾ? ಇಲ್ಲ. ಉತ್ತರದ ಬದಿಗೆ ಸರಿಸಿ ಇಟ್ಟರು. ಅದು ನನಗೆ ದೇವರನ್ನು ವಿಚಾರಿಸಲು ಇರಲಿ ಅಂದನಂತೆ ಅರಸ. ಕೆಲವು ಅನುವಾದಗಳಲ್ಲಿ ಹಾಗಿದೆ. ಕೇಳು ಅಂತ ದೇವರೇ ಬಾಗಿಲಿಗೆ ಬಂದಾಗ ಕೇಳಲಿಲ್ಲ, ಈಗ ವಿಚಾರಿಸಲು ಮೂಲೆಯಲ್ಲೊಂದು ವೇದಿ.

ಕಪಟ ಕಂಡುಹಿಡಿಯೋದು ಹೇಗೆ ಅಂದಿರಿ. ಯೆಶಾಯನೂ ಎದೆ ಬಗೆದು ನೋಡಲಿಲ್ಲ. ಸರ್ವನಾಮ ಬದಲಾಯಿಸಿದ, ಅಷ್ಟೆ. ಯೆಶಾಯ 7ರ 11ನೇ ವಚನದಲ್ಲಿ "ನಿನ್ನ ದೇವರಾದ ಯೆಹೋವನನ್ನು ಕೇಳು" ಅಂತಿದೆ. ಆಹಾಜ ಬೇಡ ಅಂದ ಮೇಲೆ, 13ರಲ್ಲಿ, ಮನುಷ್ಯರನ್ನು ಬೇಸರಪಡಿಸಿದ್ದು ಸಾಲದೆ "ನನ್ನ ದೇವರನ್ನೂ" ಬೇಸರಪಡಿಸುತ್ತೀರಾ ಅಂತಾನೆ. ನಿನ್ನ ಹೋಗಿ ನನ್ನ ಬಂತು. ಮಕ್ಕಳಿಗೆ ಆ ಎರಡು ಪದಕ್ಕೆ ಗೆರೆ ಎಳೆಯಲು ಹೇಳಿ. ಪೆನ್ಸಿಲ್ ಹೇಗೂ ಇದೆ.

ಇತಿಹಾಸದ ಮೇಷ್ಟ್ರು, ಬೆಂಗಳೂರು

ನಾನು ಚರ್ಚಿಗೆ ಹೋಗುವವನಲ್ಲ, ಹಳೇ ಇತಿಹಾಸ ಓದುವ ಚಟ ಅಷ್ಟೇ. ಇಲ್ಲಿ ಎಲ್ಲರೂ ಸೇರಿ ಆಹಾಜನ ಮೇಲೆ ಬಿದ್ದಿದ್ದೀರಿ, ಒಬ್ಬರಾದರೂ ಅವನ ಪರ ವಾದ ಮಾಡಬೇಡವೇ?

ಪಟ್ಟಕ್ಕೆ ಬಂದಾಗ ಅವನಿಗೆ 20 ವರ್ಷ. ಎರಡು ಸೈನ್ಯ ಸೇರಿ ಅವನನ್ನು ಇಳಿಸಿ ಟಾಬೇಲನ ಮಗ ಅನ್ನುವವನನ್ನು ಕೂರಿಸಲು ಹೊರಟಿವೆ. ಆ ಹೊತ್ತಿಗೆ ಅಶ್ಶೂರ ಆ ಭಾಗದ ದೊಡ್ಡ ಶಕ್ತಿ. ಚಿಕ್ಕ ರಾಜ ದೊಡ್ಡ ರಾಜನಿಗೆ ಕಪ್ಪ ಕಟ್ಟಿ ಉಳಿದುಕೊಂಡ. ನಮ್ಮ ಪಾಳೇಗಾರರು ಮಾಡಿಲ್ಲವೇ? ಫಲಿತಾಂಶವನ್ನೂ ನೋಡಿ. ಕ್ರಿಸ್ತಪೂರ್ವ 732ಕ್ಕೆ ದಮಸ್ಕ ಬಿತ್ತು, ರೆಚೀನ ಸತ್ತ. ಪೆಕಹನನ್ನು ಅವನ ಕಡೆಯವನೇ ಆದ ಹೋಶೇಯ ಕೊಂದ. 722ರ ಸುಮಾರಿಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯವೂ ಹೋಯಿತು. ಯೆರೂಸಲೇಮ್ ಮಾತ್ರ ಇನ್ನೂ ನೂರು ವರ್ಷದ ಮೇಲೆ ನಿಂತಿತ್ತು. ಅಂದರೆ ಪ್ಲಾನು ಫಲಿಸಿತು.

ಕಥೆಯ ಆಚೆಯೂ ಅವನು ಇದ್ದಾನೆ. ತಿಗ್ಲತ್ ಪಿಲೆಸೆರನ ಕಪ್ಪದ ಪಟ್ಟಿಯಲ್ಲಿ ಯೆಹೂದದ ಯೆಹೋವಾಹಾಜ ಅಂತ ಪೂರ್ತಿ ಹೆಸರಿದೆ. "ಯೋತಾಮನ ಮಗ ಆಹಾಜ, ಯೆಹೂದದ ಅರಸ" ಅಂತ ಒತ್ತಿದ ಮಣ್ಣಿನ ಮುದ್ರೆಯೂ ಸಿಕ್ಕಿದೆ. ಅವನ ಬಗ್ಗೆ ನಾವು ಓದುವುದೆಲ್ಲ ಅವನಿಗೆ ಆಗದವರು ಬರೆದಿಟ್ಟದ್ದು, ಅದನ್ನು ನೆನಪಿಡಿ.

ಇನ್ನೊಂದು ಮಾತು. ಪ್ರವಾದಿ ಎದುರಿಗೆ ನಿಂತು "ಕೇಳು" ಅಂದಾಗ ಒಬ್ಬ ರಾಜ ನಯವಾಗಿ ತಪ್ಪಿಸಿಕೊಳ್ಳಲು ಇನ್ನೇನು ಹೇಳಬಹುದಿತ್ತು?

ಹಳೇ ಗುಮಾಸ್ತ, ಉಡುಪಿ

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. "ನನಗೆ ನಂಬಿಕೆ ಬರ್ತಾ ಇಲ್ಲ ಸ್ವಾಮೀ" ಅನ್ನಬಹುದಿತ್ತು.

ತಮಾಷೆಗೆ ಹೇಳುತ್ತಿಲ್ಲ. ಮಾರ್ಕ 9ರಲ್ಲಿ ಮೂರ್ಛೆರೋಗದ ಮಗನನ್ನು ಕರೆದುಕೊಂಡು ಬಂದ ಅಪ್ಪ ಹೇಳುವುದು ಹೆಚ್ಚುಕಮ್ಮಿ ಅದೇ: ನಂಬುತ್ತೇನೆ, ನನಗೆ ನಂಬಿಕೆ ಇಲ್ಲದ ಕಡೆ ಸಹಾಯ ಮಾಡು. ಅವನನ್ನು ಯೇಸು ಹೊರಗೆ ಹಾಕಲಿಲ್ಲ, ಮಗನನ್ನು ವಾಸಿಮಾಡಿ ಕಳಿಸಿದ. ಗಿದ್ಯೋನನೂ ಅಷ್ಟೇ, ನನ್ನ ಮೇಲೆ ಸಿಟ್ಟಾಗಬೇಡ ಅಂತ ಹೇಳಿಕೊಂಡೇ ಎರಡನೇ ಸಲ ಕೇಳಿದ. ಅಪನಂಬಿಕೆಯನ್ನು ಅಪನಂಬಿಕೆ ಅಂತಲೇ ತಂದವರಿಗೆ ಬಾಗಿಲು ತೆಗೆದಿದೆ. ಇವನು ಅದಕ್ಕೆ ಮಡಿ ಉಡಿಸಿ ತಂದ. ಟೀಚರಮ್ಮನ ಜಕರೀಯನ ಕಥೆ ಬೇರೆ. ಅವನು ಗುರುತು ಕೇಳಿದ, ಅವನಿಗೆ ಗುರುತು ಸಿಕ್ಕಿತು. ಅವನ ಮುಚ್ಚಿದ ಬಾಯಿಯೇ ಗುರುತು.

ಪ್ಲಾನು ಫಲಿಸಿತು ಅಂದಿರಿ. ಬಿಲ್ಲು ಆಮೇಲೆ ಬಂತು. ಅದೇ ಯೆಶಾಯ 7ರಲ್ಲಿ ಅಶ್ಶೂರದ ಅರಸನನ್ನು ಯೆಶಾಯ ಬಾಡಿಗೆಗೆ ತಂದ ಕ್ಷೌರದ ಕತ್ತಿ ಅಂತಾನೆ. ತಲೆ ಬೋಳಿಸಿ, ಗಡ್ಡವನ್ನೂ ಬಿಡುವುದಿಲ್ಲ ಅಂತ. ದುಡ್ಡು ಕೊಟ್ಟು ಕರೆಸಿದ ಕ್ಷೌರಿಕ ಕೊಟ್ಟವನನ್ನೇ ಬೋಳಿಸಿದ. ಆಹಾಜ ದೇವಾಲಯದ ದೊಡ್ಡ ನೀರಿನ ಪಾತ್ರೆಯನ್ನು ತಾಮ್ರದ ಎತ್ತುಗಳ ಮೇಲಿಂದ ಇಳಿಸಿ ಕಲ್ಲಿನ ಮೇಲೆ ಇಡಬೇಕಾಯಿತು. ಮಗ ಹಿಜ್ಕೀಯನ ಕಾಲಕ್ಕೆ, ಕ್ರಿಸ್ತಪೂರ್ವ 701ರಲ್ಲಿ, 300 ತಲಾಂತು (ಆಗಿನ ಒಂದು ದೊಡ್ಡ ತೂಕ) ಬೆಳ್ಳಿ, 30 ತಲಾಂತು ಬಂಗಾರ ಕೊಡಬೇಕಾಗಿ ಬಂದು ದೇವಾಲಯದ ಬಾಗಿಲಿನ ಬಂಗಾರವನ್ನೇ ಕಿತ್ತರು. ಇಷ್ಟು ಕೊಟ್ಟರೂ ಅಶ್ಶೂರದ ಸೈನ್ಯ ಬಂದೇ ಬಂತು. ಅವರ ಅಧಿಕಾರಿ ಎಲ್ಲಿ ನಿಂತು ಕೂಗಿದ ಗೊತ್ತಾ? 2 ಅರಸುಗಳು 18:17 ನೋಡಿ. ಮೇಲಣ ಕೆರೆಯ ಕಾಲುವೆ, ಅಗಸರ ಹೊಲದ ದಾರಿ. ಯೆಶಾಯ ಮಗನ ಕೈ ಹಿಡಿದು ನಿಂತಿದ್ದ ಅದೇ ಜಾಗ. ನಿಮ್ಮ ಯೆಹೋವನೇ ನನಗೆ ಹೋಗು ಅಂತ ಹೇಳಿ ಕಳಿಸಿದ್ದಾನೆ ಅಂತ ಅವನು ಬೇರೆ ಭಕ್ತಿಯ ಮಾತಾಡಿದ. ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಕನ್ನಡಕ ತೆಗೆದಿಟ್ಟು ಸುಮ್ನೆ ಕೂತುಬಿಟ್ಟೆ.

ಅನುವಾದಕಿ, ಧಾರವಾಡ

ಇಬ್ಬರೂ ದೊಡ್ಡವರು ದೊಡ್ಡ ಮಾತು ಮುಗಿಸಿದ್ದೀರಿ. ನಂದು ಎರಡು ಸಣ್ಣ ಮಾತು.

ಒಂದು, ಹುಡುಗನ ಪ್ರಶ್ನೆಗೆ ನೇರ ಉತ್ತರ ವಾಕ್ಯದಲ್ಲೇ ಇದೆ. ಆಹಾಜ ಯಾವ ವಾಕ್ಯದ ನೆರಳಲ್ಲಿ ನಿಂತನೋ ಅದು ಧರ್ಮೋಪದೇಶಕಾಂಡ 6:16. ಅದು ಪರೀಕ್ಷಿಸಬಾರದು ಅಂತ ಅಲ್ಲಿಗೆ ನಿಲ್ಲುವುದಿಲ್ಲ, ಮಸ್ಸಾದಲ್ಲಿ ಪರೀಕ್ಷಿಸಿದ ಹಾಗೆ ಅಂತಿದೆ. ಮಸ್ಸಾದಲ್ಲಿ ಏನಾಯಿತು? ವಿಮೋಚನಕಾಂಡ 17. ನೀರಿಲ್ಲ ಅಂತ ಜನ ಜಗಳಕ್ಕೆ ನಿಂತು, ಯೆಹೋವನು ನಮ್ಮ ನಡುವೆ ಇದ್ದಾನೋ ಇಲ್ಲವೋ ಅಂತ ಕೇಳಿದರು. ಅಲ್ಲಿ ಯಾರೂ ಕರೆಯದೆ ಇವರೇ ದೇವರಿಗೆ ಷರತ್ತು ಹಾಕಿದರು. ಶಿಖರದ ಮೇಲೆ ಯೇಸುವಿಗೆ ಹಾರು ಅಂದವನು ಸೈತಾನ, ದೇವರಲ್ಲ. ಆಹಾಜನಿಗೆ ಕೇಳು ಅಂದದ್ದು ದೇವರೇ. ಹೀಬ್ರೂವಿನಲ್ಲೂ ಅದು ಅಪ್ಪಣೆ. ಅಪ್ಪಣೆ ಮೀರಲು ಇನ್ನೊಂದು ಅಪ್ಪಣೆಯ ಅರ್ಧವನ್ನು ಅಡ್ಡ ಹಿಡಿದ. ಮಸ್ಸಾದ ಜನ ಜೋರಾಗಿ ಕೇಳಿದ "ಇದ್ದಾನೋ ಇಲ್ಲವೋ" ಅವನ ಹೊಟ್ಟೆಯಲ್ಲೂ ಇತ್ತು, ಬಾಯಿಗೆ ಬರಲಿಲ್ಲ.

(ಪರೀಕ್ಷಿಸಬಾರದು ಅನ್ನುವ ನಮ್ಮ ಬೋಧಕರೇ ಆದಾಯದ ಹತ್ತನೇ ಒಂದು ಪಾಲು ಕೇಳುವ ದಶಮಾಂಶದ ಭಾನುವಾರ ಮಾತ್ರ ಮಲಾಕಿಯ 3:10 ತೆಗೆದು "ನನ್ನನ್ನು ಪರೀಕ್ಷಿಸಿರಿ" ಅಂತ ಓದುತ್ತಾರೆ. ಅದು ಬೇರೆ ಕಥೆ.)

ಎರಡನೆಯದು ಯೆಶಾಯ 7:9. ನಂಬದಿದ್ದರೆ ನೀವು ನಿಲ್ಲುವುದಿಲ್ಲ ಅಂತ ಬರುತ್ತದಲ್ಲ, ಮೂಲದಲ್ಲಿ ನಂಬು, ನಿಲ್ಲು ಎರಡೂ ಒಂದೇ ಧಾತುವಿನ ಪದಗಳು. ನಾವು ಪ್ರಾರ್ಥನೆಯ ಕೊನೆಗೆ ಹೇಳುವ ಆಮೆನ್ ಕೂಡ ಅದೇ ಧಾತು. ಕನ್ನಡಕ್ಕೆ ಆ ಪ್ರಾಸ ತರಲು ಬಹಳ ದಿನ ಒದ್ದಾಡಿದ್ದೇನೆ. "ನೆಚ್ಚದಿದ್ದರೆ ನೆಲೆಯಿಲ್ಲ" ಅಂತ ಒಮ್ಮೆ ಬರೆದೆ. ಸಂಪಾದಕರು ನೆಚ್ಚು ಅನ್ನೋದು ಈಗಿನ ಹುಡುಗರಿಗೆ ತಿಳಿಯಲ್ಲ ಅಂತ ಹೊಡೆದು ಹಾಕಿದರು. ಟೀಚರ್, ನಿಮ್ಮ ಬೋರ್ಡಿಗೆ ಬೇಕಿದ್ದರೆ ತಗೊಳ್ಳಿ.

ಮಕ್ಕಳಿಗೆ ಹೇಳಲು ಬೆಳ್ಳಿ ಬಂಗಾರಕ್ಕಿಂತ ಪಪ್ಸ್ ಸುಲಭ. ಬೇಕರಿಯಲ್ಲಿ ಎರಡು ಪಪ್ಸ್ ತಿಂದು ಮನೆಗೆ ಬಂದ ಹುಡುಗಿಗೆ ಅಮ್ಮ ತಟ್ಟೆ ಇಟ್ಟು, ಏನು ಬೇಕೋ ಕೇಳು ಮಾಡಿಕೊಡ್ತೀನಿ ಅಂತಾಳೆ. ಹುಡುಗಿ, ಇವತ್ತು ನಾನು ಉಪವಾಸ ಮಮ್ಮೀ, ಪ್ರಾರ್ಥನೆ ಇದೆ ಅಂತಾಳೆ. ಉಪವಾಸ ತಪ್ಪಾ? ಅಲ್ಲ. ಆದರೆ ಫ್ರಾಕಿನ ಮೇಲೆ ಪಪ್ಸಿನ ಪುಡಿ ಇದೆ.

ನರ್ಸಮ್ಮ, ಮಸ್ಕತ್

ಇದನ್ನೆಲ್ಲ ಓದಿ ಸ್ವಲ್ಪ ಕಸಿವಿಸಿ ಆಯಿತು, ಹೇಳಿಬಿಡುತ್ತೇನೆ. ನಮ್ಮ ಅಮ್ಮ ಕೊನೆಯ ಮೂರು ತಿಂಗಳು "ದೇವರ ಚಿತ್ತ" ಅನ್ನುತ್ತಲೇ ಮಲಗಿದ್ದರು. ಇನ್ನೊಂದು ಆಪರೇಷನ್ ಮಾಡಿಸೋಣ ಅಂದರೆ ಬೇಡ ಮಗಳೇ, ಸಾಕು ಅಂದರು. ಅದು ಅಪನಂಬಿಕೆ ಆಗಿರಲಿಲ್ಲ. ನಾನು ಕೈ ಹಿಡಿದುಕೊಂಡು ಕೂತಿದ್ದೆ, ನನಗೆ ಗೊತ್ತು. ಕೇಳುವುದಿಲ್ಲ ಅನ್ನೋರೆಲ್ಲ ಆಹಾಜರು ಅಂತ ಮಕ್ಕಳಿಗೆ ಹೇಳಿಕೊಡಬೇಡಿ ಟೀಚರ್. ನಾಳೆ ಅವರು ಅಜ್ಜಿಯ ಪ್ರಾರ್ಥನೆಯಲ್ಲೂ ಪಪ್ಸಿನ ಪುಡಿ ಹುಡುಕುತ್ತಾರೆ.

ಹಳೇ ಗುಮಾಸ್ತ, ಉಡುಪಿ

ಸರಿಯಾಗಿ ಹೇಳಿದಿರಿ ತಂಗೀ. ನಿಮ್ಮ ಅಮ್ಮನ ಬೇರೆ ಫೈಲು ಯಾವುದೂ ಇರಲಿಲ್ಲ. ಫೈಲು ನೋಡುವವರು ಮೊದಲು ಅವರವರದ್ದೇ ತೆಗೆಯಲಿ. ನಾನೂ ಸೇರಿ.

ಸಂಡೇ ಸ್ಕೂಲ್ ಟೀಚರ್, ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮುಗಿಯಿತು. ಏನಾಯಿತು ಅಂತ ಹೇಳುವುದು ನ್ಯಾಯ.

ಬೋರ್ಡಿನ ಮೇಲೆ ಒಂದು ಕೆರೆ, ಕಾಲುವೆ, ದಾರಿ ಬರೆದೆ. ಒಂದು ಬದಿಗೆ ಯೆಶಾಯ ಮತ್ತು ಮಗ. ಆಮೇಲೆ ಅವರನ್ನು ಅಳಿಸಿ ಅದೇ ಜಾಗದಲ್ಲಿ ಅಶ್ಶೂರದ ಅಧಿಕಾರಿಯನ್ನು ಬರೆದೆ. ಡಸ್ಟರ್ ಸರಿ ಇರಲಿಲ್ಲ, ಯೆಶಾಯನ ಗಡ್ಡ ಹಾಗೇ ಉಳಿದು ಅಧಿಕಾರಿಗೆ ಅಂಟಿಕೊಂಡಿತು. ಮಕ್ಕಳಿಗೆ ಅದೇ ಖುಷಿ. ನಿನ್ನ, ನನ್ನ ಎರಡಕ್ಕೂ ಗೆರೆ ಎಳೆದರು. ಪಪ್ಸಿನ ಕಥೆಗೆ ಹಿಂದಿನ ಬೆಂಚಿನ ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು, ಯಾಕೆ ಅಂತ ನಾನು ಕೇಳಲಿಲ್ಲ. ನರ್ಸಮ್ಮನ ಮಾತನ್ನೂ ಹೇಳಿದೆ, ಅಜ್ಜಿಯಂದಿರನ್ನು ಬಿಟ್ಟುಬಿಡಿ ಅಂತ.

ಪೆನ್ಸಿಲ್ ಹುಡುಗ ಎಲ್ಲ ಕೇಳಿ ಇಷ್ಟೇ ಅಂದ: "ಅಂದ್ರೆ ಅವನು ಆಗ್ಲೇ ಪಾರ್ಸಲ್ ಕಳಿಸಿಬಿಟ್ಟಿದ್ದ. ಅದಕ್ಕೇ ಕೇಳಲಿಲ್ಲ." ಕಳಿಸಿದ್ದು ಮೊದಲೋ ಆಮೇಲೋ ಗೊತ್ತಿಲ್ಲ ಕಣೋ ಅಂದೆ. "ಪ್ಯಾಕ್ ಅಂತೂ ಮಾಡಿರ್ತಾನೆ ಮಿಸ್" ಅಂದ. ಬನ್ನು ಬಂತು.

ಈಗ ನನ್ನದೊಂದು ವಿಷಯ. ಬರೆಯಬೇಕಾ ಅಂತ ಎರಡು ದಿನ ಯೋಚಿಸಿದೆ. ಗುಮಾಸ್ತರು ಅವರವರ ಫೈಲು ತೆಗೆಯಲಿ ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನಗೆ ಒಬ್ಬಳು ಅಕ್ಕ ಇದ್ದಾಳೆ. ಅಮ್ಮ ಹೋದ ಮೇಲೆ ಮನೆ ವಿಷಯಕ್ಕೆ ಮಾತು ಬಿಟ್ಟು 6 ವರ್ಷ. ಯಾರದು ತಪ್ಪು ಅನ್ನೋದು ಇಲ್ಲಿ ಬೇಡ, ನಾನು ಬರೆದರೆ ಅವಳದ್ದೇ ಆಗುತ್ತದೆ. ಹೋದ ವರ್ಷ ಚಿಕ್ಕಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದಳು: "ಅವಳಿಗೆ ಏನು ಬೇಕೋ ಕೇಳಲಿ, ಬರೆದು ಕೊಡ್ತೀನಿ, ಒಂದು ಸಲ ಫೋನ್ ಮಾಡಲಿ." ನಾನು ಚಿಕ್ಕಮ್ಮನಿಗೆ ಹೇಳಿದ್ದು ಇದು: "ನಾನು ಯಾರನ್ನೂ ಏನೂ ಕೇಳಲ್ಲ ಚಿಕ್ಕಮ್ಮ. ಪ್ರಾರ್ಥನೆಗೆ ಇಟ್ಟಿದ್ದೀನಿ. ದೇವರ ಸಮಯ ಬರಲಿ." ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಎಂಥ ಭಕ್ತಿ ನಿಂದು ಅಂದರು. ಸಭೆಯಲ್ಲೂ ಇಬ್ಬರಿಗೆ ಹೇಳಿದರು.

ಆ ಹೊತ್ತಿಗೆ ವಕೀಲರ ನೋಟಿಸ್ ಹೋಗಿ 11 ದಿನ ಆಗಿತ್ತು. ರಿಜಿಸ್ಟರ್ಡ್ ಪೋಸ್ಟ್. ರಸೀತಿ ನನ್ನ ಬೈಬಲ್ ಕವರಿನ ಒಳಗಿನ ಜೇಬಿನಲ್ಲೇ ಇದೆ, ಕಾಣಿಕೆಯ ಲಕೋಟೆಯ ಹಿಂದೆ. ಪೆನ್ಸಿಲ್ ಹುಡುಗ ಮನಸ್ಸು ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಿದಾಗ ನಾನು ಜಿಪ್ ಎಳೆದು ಮುಚ್ಚಿದ್ದು ಆ ಕವರನ್ನೇ. ಆವತ್ತು ಹೊಳೆದಿರಲಿಲ್ಲ. "ಪ್ಯಾಕ್ ಅಂತೂ ಮಾಡಿರ್ತಾನೆ" ಅಂದಾಗ ಹೊಳೆಯಿತು.

ರಾತ್ರಿ ರಸೀತಿ ತೆಗೆದು ನೋಡಿದೆ. ಶಾಯಿ ಮಾಸಿದೆ, ಅಕ್ಕನ ಊರಿನ ಪಿನ್‌ಕೋಡ್ ಮಾತ್ರ ಓದಲು ಬರುತ್ತದೆ. ಫೋನಿನಲ್ಲಿ ಅವಳ ನಂಬರ್ ಬ್ಲಾಕ್ ಆಗಿತ್ತು, ಅದನ್ನು ತೆಗೆದೆ. ಹೇಗೆ ತೆಗೆಯೋದು ಅಂತ ಗೊತ್ತಾಗದೆ ಮಗಳನ್ನು ಕೇಳಿದೆ. ಅವಳು ಯಾರ ನಂಬರ್ ಅಂತ ಕೇಳಲಿಲ್ಲ.

ಇನ್ನೂ ಫೋನ್ ಮಾಡಿಲ್ಲ. ಪ್ರಾರ್ಥನೆಗೆ ಇಟ್ಟಿದ್ದೇನೆ ಅಂತ ಇಲ್ಲಿ ಬರೆದೆ, ಆಮೇಲೆ ಅಳಿಸಿದೆ.